ಪುಟ್ಟಿಗೆ, ಆ ಒಂದು ಸಾಲಿನ ಬಗ್ಗೆ

ಪುಟ್ಟಿ,

ನಿನ್ನ ಕಾಗದದಲ್ಲಿ ಉಳಿದದ್ದೆಲ್ಲ ಓದಿ ಸಂತೋಷವಾಯಿತು. ಆದರೆ ಕೊನೆಯಲ್ಲಿ ಬರೆದಿದ್ದೀಯಲ್ಲ, "ಪ್ರೋಟೀನ್ ಸಾಲದೆ ನನ್ನ ಮೈ ತನ್ನನ್ನೇ ತಿನ್ನುತ್ತಿದೆಯೇನೋ ದೊಡ್ಡಮ್ಮ" ಅಂತ, ಅದನ್ನು ಓದಿದ ಮೇಲೆ ಬೇರೇನೂ ತಲೆಗೆ ಹತ್ತಲಿಲ್ಲ. ಯಾರು ಹೇಳಿದರು ನಿನಗೆ ಇದನ್ನು? ಇಷ್ಟು ಹೆದರಿಕೆ ಇಟ್ಟುಕೊಂಡು ತಟ್ಟೆ ಮುಂದೆ ಕೂತರೆ ತುತ್ತು ಗಂಟಲಲ್ಲಿ ಇಳಿಯುತ್ತಾ?

ಪೂರ್ತಿ ಸುಳ್ಳು ಅನ್ನಲಾರೆ. ಊಟದಲ್ಲಿ ಬಹಳ ದಿನ ಸಾಲದೆ ಹೋದರೆ ಮೈ ಮಾಂಸಖಂಡವನ್ನೇ ಕರಗಿಸಿಕೊಳ್ಳುತ್ತದೆ. ನಿನ್ನ ಅಜ್ಜಿಯ ಕೊನೆಗಾಲದಲ್ಲಿ ನಾನು ನೋಡಿದ್ದು ಅದೇ, ನೀನಾಗ ತುಂಬಾ ಚಿಕ್ಕವಳು. ಹಲ್ಲಿಲ್ಲ ಅಂತ ಬರೀ ಗಂಜಿ, ಹಸಿವಿಲ್ಲ ಅಂತ ಅದೂ ಅರ್ಧ ಬಟ್ಟಲು. ಬಳೆ ಮೊಣಕೈವರೆಗೂ ಜಾರುತ್ತಿತ್ತು, ಕುರ್ಚಿಯಿಂದ ಏಳಬೇಕಾದರೆ ಎರಡೂ ಕೈ ಊರಬೇಕಿತ್ತು. ವಯಸ್ಸಾಯಿತಲ್ಲ ಅಂದುಕೊಂಡೆವು. ವಯಸ್ಸಾದವರಿಗೆ ಪ್ರೋಟೀನ್ ಇನ್ನೂ ಜಾಸ್ತಿಯೇ ಬೇಕು ಅಂತ ನಮಗೆ ಯಾರೂ ಹೇಳಿರಲಿಲ್ಲ. ಬೇಳೆ ನುಣ್ಣಗೆ ಬೇಯಿಸಿ ಆ ಗಂಜಿಗೆ ಬೆರೆಸಬಹುದಿತ್ತು ಅಂತ ಈಗಲೂ ಹೊಟ್ಟೆಯೊಳಗೆ ಸಂಕಟವಾಗುತ್ತದೆ.

ನಿನ್ನದು ಹಾಗಲ್ಲ ಕಣೇ. ಮೂರು ಹೊತ್ತೂ ಹೊಟ್ಟೆ ತುಂಬಾ, ಕಾಳು ಬೇಳೆ ಸೇರಿಸಿ ಉಣ್ಣುವವಳ ಮೈ ಸುಮ್ನೆ ತನ್ನನ್ನು ತಿಂದುಕೊಳ್ಳುವುದಿಲ್ಲ. ದೊಡ್ಡವರಿಗೆ ತೂಕದ ಒಂದೊಂದು ಕಿಲೋಗೆ ದಿನಕ್ಕೆ ಸುಮಾರು 0.8 ಗ್ರಾಂ ಪ್ರೋಟೀನ್ ಬೇಕು ಅನ್ನುತ್ತಾರೆ, 55 ಕಿಲೋ ಇದ್ದರೆ 44 ಗ್ರಾಂ ಆಯಿತು. 100 ಗ್ರಾಂ ಒಣ ಬೇಳೆಯಲ್ಲೇ 20 ಗ್ರಾಂಗಿಂತ ಜಾಸ್ತಿ ಇದೆ, ಕಡಲೆಕಾಯಿ ಬೀಜದಲ್ಲಿ 25ರ ಹತ್ತಿರ, ಸೋಯಾ ಕಾಳಿನಲ್ಲಿ ಇನ್ನೂ ಜಾಸ್ತಿ. ಬೆಂದ ಮೇಲೆ ಬೇಳೆ ನೀರು ಹೀರಿಕೊಳ್ಳುತ್ತದೆ, ಆಗ 100 ಗ್ರಾಂಗೆ 8-9 ಗ್ರಾಂ ಅಷ್ಟೇ. ಅದಕ್ಕೇ ಮೇಲಿನ ತಿಳಿ ಬಡಿಸಿಕೊಂಡು ಬೇಳೆ ತಿಂದೆ ಅಂದುಕೊಳ್ಳಬೇಡ, ಸೌಟು ತಳಕ್ಕೆ ಹಾಕು. ಬುದ್ಧಿ ಹೇಳ್ತಾಳೆ ಅಂತ ಬೇಜಾರು ಮಾಡ್ಕೋಬೇಡ.

ಇನ್ನೊಂದು. ಪ್ರೋಟೀನ್ ಆಗುವುದಕ್ಕೆ ಬೇಕಾದ ಲೈಸಿನ್ ಅನ್ನೋ ಒಂದು ಅಂಶ ಅಕ್ಕಿ ಗೋಧಿಯಲ್ಲಿ ಕಮ್ಮಿ, ಬೇಳೆಯಲ್ಲಿ ಅದು ಧಾರಾಳ. ಒಂದೇ ತಟ್ಟೆಯಲ್ಲಿ ಎರಡೂ ಇರಲೇಬೇಕು ಅಂತಿಲ್ಲ, ದಿನದೊಳಗೆ ಸೇರಿದರೆ ಸಾಕು. ಹಾಲು ಮೊಸರು ನಿನಗೆ ಒಗ್ಗಿದರೆ ಇನ್ನೂ ಸುಲಭ.

ಮತ್ತೆ ಮತ್ತೆ ಆ ಸಾಲೇ ಕಣ್ಣ ಮುಂದೆ ಬರುತ್ತದೆ. ಸುಸ್ತು ನಿಜವಾಗಿಯೂ ಇದ್ದರೆ ಪ್ರೋಟೀನ್ ಒಂದನ್ನೇ ದೂರಬೇಡ, ಡಾಕ್ಟರ ಹತ್ತಿರ ಹೋಗಿ ವಿಟಮಿನ್ ಬಿ12, ಕಬ್ಬಿಣಾಂಶ ಎರಡೂ ನೋಡಿಸು. ಈಚೆಗೆ ತೂಕ ಇಳಿದಿದೆಯಾ? ಮೆಟ್ಟಿಲು ಹತ್ತಿದರೆ ಕಾಲು ಸೋಲುತ್ತಾ? ಮುಚ್ಚಿಡದೆ ಬರೆ.

ಇಂತಿ,
ದೊಡ್ಡಮ್ಮ