ವೇದಿಕೆಗೆ ಅರ್ಥಿಂಗ್ ಕೊಡಿ, ಗಿಟಾರ್ ತಾನಾಗಿ ನುಡಿಯುತ್ತದೆ

ಮಾನ್ಯ ಸಂಪಾದಕರೇ,

ಗಣೇಶನ ಹಬ್ಬದ ರಸಮಂಜರಿ ಕಾರ್ಯಕ್ರಮಗಳ ಬುಕಿಂಗ್ ಶುರುವಾಗಿದೆ. ಶಿವಮೊಗ್ಗ, ಭದ್ರಾವತಿ, ಸಾಗರ ಕಡೆಯ ಸಮಿತಿಯವರು ನಮ್ಮ ತಂಡಕ್ಕೆ ಫೋನ್ ಮಾಡಿದಾಗ ಈಚೆಗೆ ಒಂದು ಮಾತು ಮತ್ತೆ ಮತ್ತೆ ಬರುತ್ತಿದೆ: ‘ಹಾಡುವವರು ಬಂದರೆ ಸಾಕು, ಮ್ಯೂಸಿಕ್‌ಗೆ ಟ್ರ್ಯಾಕ್ (ಮೊದಲೇ ರೆಕಾರ್ಡ್ ಮಾಡಿದ ಸಂಗೀತ) ಹಾಕಿಬಿಡಿ. ಗಿಟಾರ್‌ಗಳು ಹಾಡಿನ ಮಧ್ಯೆ ಕೈಕೊಡುತ್ತವೆ.’ ಮಂದ್ರ ಸ್ವರಗಳ ಬೇಸ್ ಗಿಟಾರ್ ನುಡಿಸಿಯೇ ಮನೆ ನಡೆಸುತ್ತಿರುವ ನನಗೆ ಇದನ್ನು ಕೇಳಿ ಸುಮ್ಮನಿರಲು ಆಗುತ್ತಿಲ್ಲ. ಗಿಟಾರ್ ಅಷ್ಟು ಸುಲಭಕ್ಕೆ ಕೆಡುವ ವಾದ್ಯವಲ್ಲ. ಅದು ಎಲ್ಲಿ ಕೆಡುತ್ತದೆ, ಯಾಕೆ ಕೆಡುತ್ತದೆ ಎಂಬುದು ನಮಗೆಲ್ಲ ಗೊತ್ತಿರುವ ವಿಷಯ. ಅದನ್ನು ಕಾರ್ಯಕ್ರಮ ಮಾಡಿಸುವವರಿಗೂ ತಿಳಿಸೋಣವೆಂದು ಬರೆಯುತ್ತಿದ್ದೇನೆ.

ನಾನು ನುಡಿಸುವ ಮಾದರಿಯ ಬೇಸ್ ಹುಟ್ಟಿದ್ದು 1951ರಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ. ಅದನ್ನು ರೂಪಿಸಿದ ಲಿಯೊ ಫೆಂಡರ್ ಸಂಗೀತಗಾರರಲ್ಲ, ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಅದಕ್ಕೂ ಮೊದಲು ಅವರು ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದವರು. ಅಲ್ಲಿಯವರೆಗೆ ಬೇಸ್ ಅಂದರೆ ಆಳೆತ್ತರದ ಡಬಲ್ ಬೇಸ್, ಊರಿಂದೂರಿಗೆ ಹೊತ್ತು ತಿರುಗುವುದೇ ಒಂದು ಸಾಹಸ. ಫೆಂಡರ್ ಮಾಡಿದ ಪ್ರಿಸಿಷನ್ ಬೇಸ್ ಹೆಗಲಿಗೆ ನೇತುಹಾಕಿಕೊಳ್ಳುವಂಥದ್ದು. ರಿಪೇರಿ ಮಾಡಿ ಬದುಕಿದ ಮನುಷ್ಯನ ಕೈ ಅದರಲ್ಲಿ ಎದ್ದು ಕಾಣುತ್ತದೆ. ಅದರ ನೆಕ್ಕನ್ನು, ಅಂದರೆ ಬೆರಳಿಟ್ಟು ತಂತಿ ಒತ್ತುವ ಉದ್ದನೆಯ ಕತ್ತನ್ನು, ಗೋಂದು ಹಾಕಿ ಅಂಟಿಸಿಲ್ಲ, ನಾಲ್ಕು ಸ್ಕ್ರೂಗಳಿಂದ ಬಿಗಿದಿದ್ದಾರೆ. ಕೆಟ್ಟರೆ ಬಿಚ್ಚಿ ಬೇರೆ ಹಾಕಬಹುದು. ಒಂದು ವಾಲ್ಯೂಮ್, ಒಂದು ಟೋನ್, ಕೇಬಲ್ ಚುಚ್ಚಲು ಒಂದು ಜ್ಯಾಕ್. ಒಳಗಿರುವ ಬೆಸುಗೆಗಳನ್ನು ಬೆರಳಲ್ಲಿ ಎಣಿಸಬಹುದು. ನನ್ನದು ಅದೇ ವಿನ್ಯಾಸದ, ಇಂಡೊನೇಷ್ಯಾದಲ್ಲಿ ತಯಾರಾದ ಸಾಧಾರಣ ಬೆಲೆಯ ಬೇಸ್. ಕಾರ್ಯಕ್ರಮ ಮಾಡುವವರ ವಾದ್ಯದ ಭರವಸೆ ಇರುವುದು ಹೀಗೆ ಬಿಚ್ಚಿ ಸರಿಮಾಡಲು ಬರುವುದರಲ್ಲಿ. ಲಕ್ಷ ರೂಪಾಯಿಯ ಗಿಟಾರ್‌ನ ಜ್ಯಾಕೂ ಸಡಿಲವಾಗುತ್ತದೆ.

ನಿಜ ಹೇಳಬೇಕೆಂದರೆ ‘ಗಿಟಾರ್ ಕೈಕೊಟ್ಟಿತು’ ಎನ್ನುವ ಹೆಚ್ಚಿನ ಸಂದರ್ಭಗಳಲ್ಲಿ ಕೈಕೊಟ್ಟದ್ದು ಈ ಜ್ಯಾಕ್ ಅಥವಾ ಕೇಬಲ್. ಕೇಬಲ್ ಎಳೆದೂ ಎಳೆದೂ ಜ್ಯಾಕಿನ ಹೊರಗಿನ ನಟ್ ಸಡಿಲವಾಗುತ್ತದೆ. ಅವಸರದಲ್ಲಿ ಯಾರೋ ಹೊರಗಿನಿಂದಲೇ ನಟ್ ತಿರುಗಿಸುತ್ತಾರೆ. ಆಗ ಒಳಗೆ ಇಡೀ ಜ್ಯಾಕ್ ಸುತ್ತಿಕೊಂಡು, ಅದಕ್ಕೆ ಬೆಸೆದ ಎರಡು ಸಣ್ಣ ವೈರುಗಳೂ ತಿರುಚಿಕೊಂಡು, ಬೆಸುಗೆ ಬಿಡುತ್ತದೆ. ಅವತ್ತೇ ಗೊತ್ತಾಗುವುದಿಲ್ಲ. ಮೂರನೇ ಹಾಡಿನಲ್ಲೋ ನಾಲ್ಕನೇ ಹಾಡಿನಲ್ಲೋ ಪಟಪಟ ಸದ್ದು ಬಂದು ಬೇಸ್ ಮಾಯವಾಗುತ್ತದೆ. ಪ್ಲೇಟಿನ ಸ್ಕ್ರೂ ಬಿಚ್ಚಿ, ಒಳಗಿನಿಂದ ಜ್ಯಾಕನ್ನು ಹಿಡಿದುಕೊಂಡು ನಟ್ ಬಿಗಿ ಮಾಡಿ, ನಡುವೆ ಹಲ್ಲಿರುವ ಒಂದು ವಾಷರ್ ಹಾಕಿದರೆ ಈ ತೊಂದರೆ ವರ್ಷಗಟ್ಟಲೆ ಬರುವುದಿಲ್ಲ. ವಾಷರ್‌ಗೆ ಆಗುವ ಖರ್ಚು ಹೇಳುವಷ್ಟೇನೂ ಇಲ್ಲ. ಕೇಬಲ್ಲನ್ನು ಹೆಗಲ ಪಟ್ಟಿಯೊಳಗೆ ಒಂದು ಸುತ್ತು ತಂದು ಚುಚ್ಚಿದರೆ, ಯಾರಾದರೂ ಮೆಟ್ಟಿ ಎಳೆದಾಗ ಜೋರು ಪಟ್ಟಿಯ ಮೇಲೆ ಬೀಳುತ್ತದೆ, ಜ್ಯಾಕಿಗೆ ತಟ್ಟುವುದಿಲ್ಲ. ಹೊಸ ಹುಡುಗರಿಗೆ ನಾನು ಮೊದಲು ಹೇಳಿಕೊಡುವುದು ಇದನ್ನೇ, ಸ್ಕೇಲ್ ಆಮೇಲೆ. ಕೇಬಲ್ ಕೊಳ್ಳುವಾಗಲೂ ಅಚ್ಚು ಹೊಯ್ದ ಪ್ಲಾಸ್ಟಿಕ್ ತುದಿಯದ್ದು ಬೇಡ. ಒಳಗೆ ವೈರ್ ತುಂಡಾದರೆ ಅದನ್ನು ಬಿಸಾಡುವುದೇ ಗತಿ. ಸ್ಕ್ರೂ ತಿರುಗಿಸಿ ಬಿಚ್ಚುವ ಲೋಹದ ತುದಿ ಇದ್ದರೆ ಸೋಲ್ಡರಿಂಗ್ ಬಲ್ಲ ಯಾರು ಬೇಕಾದರೂ ಐದು ನಿಮಿಷದಲ್ಲಿ ಸರಿಮಾಡಿಕೊಡುತ್ತಾರೆ.

ಇನ್ನು ಆ್ಯಕ್ಟಿವ್ ಬೇಸ್. ಒಳಗೆ 9 ವೋಲ್ಟ್ ಬ್ಯಾಟರಿ ಇರುತ್ತದೆ, ಸದ್ದು ಚೊಕ್ಕ. ಆದರೆ ಅಂಥ ಬೇಸ್‌ಗಳಲ್ಲಿ ಸಾಮಾನ್ಯವಾಗಿ ಕೇಬಲ್ ಚುಚ್ಚಿದ ಕ್ಷಣದಿಂದ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ, ನುಡಿಸಲಿ ಬಿಡಲಿ. ಸೌಂಡ್ ಚೆಕ್ ಮುಗಿಸಿ ಕೇಬಲ್ ಚುಚ್ಚಿಟ್ಟು ಊಟಕ್ಕೆ ಹೋಗುವುದು, ಆಮೇಲೆ ಭಾಷಣ, ಸನ್ಮಾನ ಮುಗಿಯುವವರೆಗೆ ಕಾಯುವುದು ನಮ್ಮ ಕಡೆ ಮಾಮೂಲು. ಸ್ಟ್ಯಾಂಡಿಗಿಟ್ಟಾಗ ಕೇಬಲ್ ತೆಗೆಯಬೇಕು, ಗಿಟಾರ್ ಚೀಲದಲ್ಲಿ ಒಂದು ಹೊಸ ಬ್ಯಾಟರಿ ಇರಬೇಕು. ಅಷ್ಟೇ.

ಹವೆಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಭಾದ್ರಪದದಲ್ಲಿ ತೀರ್ಥಹಳ್ಳಿ, ಹೊಸನಗರದ ಮಳೆಯಲ್ಲಿ ನುಡಿಸುತ್ತೇವೆ. ಅದೇ ವಾದ್ಯ ಹಿಡಿದು ಬೇಸಿಗೆಯ ಜಾತ್ರೆಗೆ ಬಳ್ಳಾರಿ, ರಾಯಚೂರಿಗೆ ಹೋಗುತ್ತೇವೆ. ಮರ ಮಳೆಗಾಲದಲ್ಲಿ ತೇವ ಹೀರಿ ಹಿಗ್ಗುತ್ತದೆ, ಬಯಲುಸೀಮೆಯ ಬಿಸಿಲಿಗೆ ಒಣಗಿ ಕುಗ್ಗುತ್ತದೆ. ನೆಕ್ಕಿನ ಬಾಗು ಬದಲಾಗಿ ತಂತಿ ಫ್ರೆಟ್ಟಿಗೆ (ನೆಕ್ಕಿನ ಮೇಲಿನ ಲೋಹದ ಅಡ್ಡಗೆರೆಗೆ) ತಾಗಿ ಜುಯ್‌ಗುಡುತ್ತದೆ. ಮರ ಕುಗ್ಗಿದಾಗ ಫ್ರೆಟ್ಟಿನ ಕೊನೆಗಳು ಅಂಚಿನಿಂದ ಹೊರಬಂದು ಅಂಗೈಗೆ ಗೀರುತ್ತವೆ. ಬೇಸಿನ ನೆಕ್ ಉದ್ದ, ತಂತಿಯ ಎಳೆತವೂ ಹೆಚ್ಚು. ಅದಕ್ಕೇ ನೆಕ್ಕಿನೊಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸರಳು ಇರುತ್ತದೆ. ಅಲೆನ್ ಕೀಯಿಂದ ಒಂದೊಂದೇ ಕಾಲು ಸುತ್ತು ತಿರುಗಿಸಿ ನೋಡುತ್ತ ಹೋದರೆ ನೆಕ್ ದಾರಿಗೆ ಬರುತ್ತದೆ. ಕಾರ್ಯಕ್ರಮದ ದಿನ ಇದನ್ನು ಮಾಡಲು ಹೊರಡಬಾರದು, ಆ ಊರಿಗೆ ಹೊರಡುವ ಹಿಂದಿನ ದಿನಗಳಲ್ಲಿ ಮುಗಿಸಬೇಕು. ಬಾಗಿಲು ಮುಚ್ಚಿ ಬಿಸಿಲಲ್ಲಿ ನಿಲ್ಲಿಸಿದ ಟೆಂಪೊದಲ್ಲಿ ಗಿಟಾರ್ ಬಿಡುವುದಂತೂ ಕೂಡದು. ಅಕೌಸ್ಟಿಕ್ ಗಿಟಾರ್‌ನ ಗೋಂದು ಆ ಕಾವಿಗೆ ಮೆದುವಾಗಿ, ತಂತಿಗಳ ಬುಡ ಹಿಡಿದಿರುವ ಬ್ರಿಡ್ಜ್ ಎದ್ದುಬಿಡುತ್ತದೆ.

ಇಲ್ಲೊಂದು ಹೆಮ್ಮೆಯ ವಿಷಯವಿದೆ. ಬೆರಳು ಒತ್ತುವ ಹಲಗೆಗೆ ಜಗತ್ತಿನ ಗಿಟಾರ್ ತಯಾರಕರು ಇಷ್ಟಪಟ್ಟು ಬಳಸುವ ಮರಗಳಲ್ಲಿ ನಮ್ಮ ಪಶ್ಚಿಮ ಘಟ್ಟದಲ್ಲಿ ಬೆಳೆಯುವ ಬೀಟೆಯೂ ಒಂದು. ಅದರಲ್ಲಿ ಸಹಜವಾಗಿಯೇ ಎಣ್ಣೆಯ ಅಂಶ ಇರುವುದರಿಂದ ಮೇಪಲ್ ಮರಕ್ಕೆ ಬೇಕಾಗುವ ವಾರ್ನಿಷ್ ಇದಕ್ಕೆ ಬೇಡ. ಬೆವರು, ತೇವ ಎರಡನ್ನೂ ತಾಳುತ್ತದೆ. 2017ರಲ್ಲಿ ಬೀಟೆ ಜಾತಿಯ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿರ್ಬಂಧ ಬಂದು, 2019ರಲ್ಲಿ ಸಿದ್ಧ ವಾದ್ಯಗಳ ಮಟ್ಟಿಗೆ ಅದು ಸಡಿಲವಾಯಿತು. ನಮ್ಮ ಕಾಡಿನ ಮರ ಅಷ್ಟು ದೂರ ಹೋಗಿ ಸಂಗೀತಗಾರರ ಕೈಗೆ ಆಸರೆಯಾಗಿದೆ. ಅದೇ ಕಾಡಿನ ಪಕ್ಕದ ಊರುಗಳಲ್ಲಿ ಗಿಟಾರ್‌ನ ಫ್ರೆಟ್ ಸವೆದರೆ ಬದಲಿಸಿಕೊಡುವವರು ಮಾತ್ರ ಸಿಗುವುದಿಲ್ಲ.

ಈಗ ಸಮಿತಿಯವರು ಗಮನಿಸಲೇಬೇಕಾದ ಮಾತು. ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ಸಾಮಾನ್ಯವಾಗಿ ಲೋಹದ ತಂತಿಗಳು ಬ್ರಿಡ್ಜಿನ ಮೂಲಕ, ಅಲ್ಲಿಂದ ಒಂದು ವೈರಿನ ಮೂಲಕ ಆಂಪ್ಲಿಫೈಯರ್‌ನ ಅರ್ಥಿಂಗ್‌ಗೆ ಸೇರಿರುತ್ತವೆ. ಗುಂಯ್ ಸದ್ದು ಕಡಿಮೆ ಮಾಡಲು ಇರುವ ವ್ಯವಸ್ಥೆ ಅದು. ಅಂದರೆ ವಾದಕನ ಕೈ ಸದಾ ಆಂಪ್ಲಿಫೈಯರ್‌ಗೆ ಜೋಡಿಸಿಕೊಂಡಿರುತ್ತದೆ. ಹಾಡಲು ಬಾಯಿ ಇಡುವ ಮೈಕಿನ ಲೋಹದ ಜಾಲರಿ, ಎಲ್ಲರ ಸದ್ದನ್ನೂ ಕೂಡಿಸುವ ಮಿಕ್ಸರ್‌ಗೆ ಸೇರಿರುತ್ತದೆ. ಆಂಪ್ಲಿಫೈಯರ್‌ಗೆ ಒಂದು ಕಡೆಯಿಂದ ಕರೆಂಟು, ಮಿಕ್ಸರ್‌ಗೆ ಇನ್ನೊಂದು ಕಡೆಯಿಂದ ಕರೆಂಟು ಇದ್ದು, ಒಂದರಲ್ಲಿ ಅರ್ಥಿಂಗ್ ಇಲ್ಲದೆ ದೋಷವಿದ್ದರೆ, 230 ವೋಲ್ಟ್‌ನ ಕರೆಂಟು ಕೈಯಿಂದ ತುಟಿಗೆ, ಎದೆಯನ್ನು ದಾಟಿ ಹರಿಯುತ್ತದೆ. 1972ರ ಮೇ 3ರಂದು ಬ್ರಿಟನ್ನಿನ ಸ್ವಾನ್ಸಿಯಲ್ಲಿ ಸ್ಟೋನ್ ದಿ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವಿ ಅರ್ಥಿಂಗ್ ಸರಿಯಿಲ್ಲದ ಮೈಕ್ ಮುಟ್ಟಿ ವೇದಿಕೆಯಲ್ಲೇ ತೀರಿಕೊಂಡರು. ನಮ್ಮ ಪೆಂಡಾಲುಗಳಲ್ಲಿ ಕೆಸರಿನ ಮೇಲೆ ಹಲಗೆ, ಹಲಗೆಯ ಮೇಲೆ ಒದ್ದೆಯಾದ ಜಮಖಾನ. ಅದರ ಮೇಲೆ ನಿಂತು ನುಡಿಸುವಾಗ ತುಟಿಗೆ ಚುರ್ ಎಂದ ಅನುಭವ ಇಲ್ಲದ ಆರ್ಕೆಸ್ಟ್ರಾ ಗಾಯಕ, ಗಿಟಾರ್ ವಾದಕ ಸಿಗುವುದು ಕಷ್ಟ.

ಗುಂಯ್ ಸದ್ದು ನಿಲ್ಲಲೆಂದು ಕೆಲವರು ತ್ರೀ ಪಿನ್ ಪ್ಲಗ್ಗಿನ ಮೇಲಿನ ದಪ್ಪ ಪಿನ್ನನ್ನೇ ಮುರಿದು ಹಾಕುತ್ತಾರೆ. ನಾನು ನೋಡಿದ ಎಷ್ಟೋ ಎಕ್ಸ್‌ಟೆನ್ಷನ್ ಬೋರ್ಡುಗಳಲ್ಲಿ ಮೂರನೆಯ ವೈರೇ ಇರುವುದಿಲ್ಲ. ಜನರೇಟರ್ ತಂದರೂ ಅದಕ್ಕೆ ನೆಲದಲ್ಲಿ ಸರಳು ಹೊಡೆದಿರುವುದಿಲ್ಲ. ಗುಂಯ್ ಸದ್ದಿಗೆ ಬೇರೆ ಮದ್ದಿದೆ. ಗಿಟಾರ್ ಮತ್ತು ಮಿಕ್ಸರ್ ನಡುವೆ ಡಿಐ ಬಾಕ್ಸ್ ಎಂಬ ಸಣ್ಣ ಪೆಟ್ಟಿಗೆ ಇಟ್ಟು, ಸದ್ದಿನ ಕೇಬಲ್ಲಿನ ಗ್ರೌಂಡ್ ಮಾತ್ರ ಬಿಡಿಸುವ ಅದರ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿದರೆ ಗುಂಯ್ ಸದ್ದು ಹೋಗುತ್ತದೆ, ಕರೆಂಟಿನ ಅರ್ಥಿಂಗ್ ಹಾಗೇ ಉಳಿಯುತ್ತದೆ. ವೇದಿಕೆಯ ಅಷ್ಟೂ ಉಪಕರಣಗಳಿಗೆ ಒಂದೇ ಕಡೆಯಿಂದ ಅರ್ಥಿಂಗ್ ಇರುವ ಕರೆಂಟು ಕೊಟ್ಟು, ಅದರ ಮೊದಲಿಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಎಂಬ ಸುರಕ್ಷಾ ಸ್ವಿಚ್ ಹಾಕಿದರೆ, ಮೈ ಮೂಲಕ ನೆಲಕ್ಕೆ ಕರೆಂಟು ಸೋರಿದ ಕೂಡಲೇ ಅದು ಕಡಿತವಾಗುತ್ತದೆ. ಇದು ಮನೆ ಕಟ್ಟುವ ಹಲವರು ಈಗ ಹಾಕಿಸಿಕೊಳ್ಳುವ ಸಾಮಾನ್ಯ ಪೆಟ್ಟಿಗೆ. ದೀಪಾಲಂಕಾರಕ್ಕೆ ಅಷ್ಟು ಖರ್ಚು ಮಾಡುವ ಊರು ಇಷ್ಟನ್ನು ಮಾಡಲಾರದೇ? ಅರ್ಥಿಂಗ್ ಕೆಟ್ಟಲ್ಲಿ ಗಿಟಾರ್ ಕಿರುಗುಟ್ಟುತ್ತದೆ, ಸಭಿಕರು ‘ಗಿಟಾರ್ ಸರಿ ಇಲ್ಲ’ ಎನ್ನುತ್ತಾರೆ. ಮರುವರ್ಷ ಟ್ರ್ಯಾಕ್ ಬರುತ್ತದೆ, ಮೂರ್ನಾಲ್ಕು ಜನ ವಾದಕರ ಸಂಪಾದನೆ ಹೋಗುತ್ತದೆ.

ಕನ್ನಡ ಮತ್ತು ಸಂಸ್ಕೃತಿ ಇಲಾಖೆಗೂ ಒಂದು ಕೋರಿಕೆ. ತಾನು ಹಣ ಕೊಡುವ ಪ್ರತಿ ಕಾರ್ಯಕ್ರಮದಲ್ಲೂ ಧ್ವನಿ ವ್ಯವಸ್ಥೆಯವರಿಗೆ ಅರ್ಥಿಂಗ್ ಮತ್ತು ಆರ್‌ಸಿಸಿಬಿ ಕಡ್ಡಾಯವೆಂದು ಬರೆದು ಕೊಡಲಿ. ಐಟಿಐಗಳಲ್ಲಿ ಎಲೆಕ್ಟ್ರಾನಿಕ್ ಮೆಕ್ಯಾನಿಕ್ ತರಬೇತಿ ಇದೆ, ಸೋಲ್ಡರಿಂಗ್ ಕಲಿತ ಹುಡುಗ ಹುಡುಗಿಯರಿದ್ದಾರೆ. ಹಳೆಯ ರೇಡಿಯೊ ರಿಪೇರಿ ಅಂಗಡಿಗಳು ಒಂದೊಂದಾಗಿ ಮುಚ್ಚುತ್ತಿವೆ, ನಮ್ಮ ವಾದ್ಯಗಳನ್ನು ನೋಡುತ್ತಿದ್ದವರು ಅವರೇ. ಗಿಟಾರ್, ಕೀಬೋರ್ಡ್, ರಿದಮ್ ಪ್ಯಾಡ್ ರಿಪೇರಿಯ ಕಿರು ತರಬೇತಿಯೊಂದನ್ನು ಜಿಲ್ಲೆಗೊಂದು ಕಡೆ ಆರಂಭಿಸಿದರೆ ಆ ಮಕ್ಕಳಿಗೆ ಕೆಲಸ ಸಿಗುತ್ತದೆ, ಒಂದು ಪಿಕಪ್ (ತಂತಿಯ ಕಂಪನ ಹಿಡಿಯುವ ಭಾಗ) ಬದಲಿಸಲು ನಾವು ಬೆಂಗಳೂರಿಗೆ ಬಸ್ಸು ಹತ್ತುವುದು ತಪ್ಪುತ್ತದೆ. ಕಲಿಸಲು ಬೇಕಾದ ಹಳೆಯ ಬೇಸ್‌ಗಳನ್ನು ಕೊಡಲು ನಾನೂ, ನನ್ನ ಜೊತೆ ನುಡಿಸುವವರೂ ಸಿದ್ಧ.

ನಮ್ಮ ಕಡೆಯಿಂದ ಮಾಡಬೇಕಾದದ್ದನ್ನು ನಾವು ಮಾಡುತ್ತೇವೆ. ಇನ್ನೊಂದು ಬೇಸ್, ಇನ್ನೊಂದು ಲೀಡ್ ಗಿಟಾರ್, ಹೆಚ್ಚುವರಿ ಕೇಬಲ್, ತಂತಿ, ಸೋಲ್ಡರಿಂಗ್ ಐರನ್ ನಮ್ಮ ಗಾಡಿಯಲ್ಲಿ ಇರುತ್ತವೆ. ಸಮಿತಿಯವರು ಈ ವರ್ಷ ಸೌಂಡ್‌ನವರಿಗೆ ಮುಂಗಡ ಕೊಡುವ ಮೊದಲು ಅರ್ಥಿಂಗ್ ಯಾರು ಮಾಡುತ್ತಾರೆ, ಆರ್‌ಸಿಸಿಬಿ ಇದೆಯೇ ಎಂದು ಕೇಳಲಿ. ಮತ್ತೆ ಸಭಾ ಕಾರ್ಯಕ್ರಮಕ್ಕೆ ಮುಂಚೆ, ಜನ ಸೇರುವ ಮೊದಲೇ, ವೇದಿಕೆಯನ್ನು ನಮಗೆ ಅರ್ಧ ಗಂಟೆ ಬಿಟ್ಟುಕೊಡಲಿ. ಮೈಕಿಗೆ ಬಾಯಿ ಇಡುವ ಮುಂಚೆ ಟೆಸ್ಟರ್ ಮತ್ತು ಮೀಟರ್ ಹಿಡಿದು ನೋಡಿಕೊಳ್ಳಲು ಅಷ್ಟು ಹೊತ್ತು ಬೇಕಾಗುತ್ತದೆ.

— ಆರ್ಕೆಸ್ಟ್ರಾ ಬೇಸ್ ಗಿಟಾರ್ ವಾದಕ, ಶಿವಮೊಗ್ಗ