ಗೆಳೆಯನಿಗೊಂದು ಪತ್ರ: ಮಂಚ ಎಳೆಯೋ ಐಡಿಯಾ ಯಾರದ್ದು?

ಪ್ರೀತಿಯ ಗುಂಡ,

ನಾಟಕ ಹೇಗಾಯ್ತು ಅಂತ ಕೇಳಿದ್ದೆಯಲ್ಲ, ಚೆನ್ನಾಗಾಯ್ತು. ಜನ ತುಂಬಿದ್ದರು.

ನಿನಗೆ ಹೇಳಬೇಕಾಗಿದ್ದು ನಾಟಕದ ಸಾಮಾನು ನೋಡಿಕೊಳ್ಳುವ ನಮ್ಮ ಪರಿಕರದ ಹುಡುಗನ ಬಗ್ಗೆ. ನೀನು ಅವನನ್ನು ನೋಡಿರಲಿಕ್ಕಿಲ್ಲ. ಕಪ್ಪು ಟೀಶರ್ಟ್ ಹಾಕಿಕೊಂಡು ಯಾವಾಗಲೂ ರಂಗದ ಪಕ್ಕದ ಮರೆಯಲ್ಲಿ, ವಿಂಗ್‌ನಲ್ಲೇ ಇರುತ್ತಾನೆ. ಶೋಗೆ ಮುಂಚೆ ಮಂಡಿಯೂರಿ ಕೂತು, ರೇಡಿಯಂ ಟೇಪನ್ನು ಉಗುರಿನಷ್ಟು ಕತ್ತರಿಸಿ, ಮೆಟ್ಟಿಲ ಅಂಚಿಗೆ, ಮಂಚದ ಕಾಲು ಬರುವ ಜಾಗಕ್ಕೆ ಅಂಟಿಸುತ್ತಾನೆ. ದೃಶ್ಯ ಬದಲಿಸೋಕೆ ದೀಪ ಪೂರ್ತಿ ಆರಿಸಿ ಬ್ಲ್ಯಾಕೌಟ್ ಆದಾಗ ನಮಗೆ ಕಾಣೋದು ಆ ಚುಕ್ಕೆಗಳು ಮಾತ್ರ.

ಎರಡನೇ ಅಂಕದಲ್ಲಿ ಮಂಚ ಒಳಮನೆಯಿಂದ ಅಂಗಳಕ್ಕೆ ಬರಬೇಕು. ಕತ್ತಲೆಯಲ್ಲಿ ನಾನೂ ಇನ್ನೊಬ್ಬನೂ ಹೊತ್ತು ತರುತ್ತಿದ್ದೆವು. ಪ್ರತಿ ಸಲ ನಾಟಕ ಅಲ್ಲೇ ಸಡಿಲವಾಗುತ್ತಿತ್ತು. ಒಂದು ದಿನ ರಿಹರ್ಸಲ್ ನಡುವೆ ಇವನು ಕೇಳಿದ: "ಸಾರ್, ಬ್ಲ್ಯಾಕೌಟ್ ಯಾಕೆ? ಆ ಅಮ್ಮನೇ ಎಳ್ಕೊಂಡು ಬಂದ್ರೆ ಆಗಲ್ವಾ? ಅವಳಿಗೆ ಮನೇಲಿ ಬೇರೆ ಯಾರಿದ್ದಾರೆ?"

ಮಾಡಿ ನೋಡೋಣ ಅಂದರು ನಿರ್ದೇಶಕರು. ಪೂರ್ತಿ ಬೆಳಕಿನಲ್ಲಿ ಒಬ್ಬಳೇ ಹೆಂಗಸು ಮಂಚ ಎಳೆಯುತ್ತಾಳೆ. ಕಾಲುಗಳು ಹಲಗೆಯ ಮೇಲೆ ಕರ್ರೋ ಅನ್ನುತ್ತವೆ. ಮಾತೇ ಬೇಡ. ಶೋ ಮುಗಿದ ಮೇಲೆ ಜನ ಜಾಸ್ತಿ ಹೇಳಿದ್ದು ಅದನ್ನೇ.

ಕೊನೆಯಲ್ಲಿ ಎಲ್ಲರನ್ನೂ ರಂಗದ ಮೇಲೆ ಕರೆದು ಪರಿಚಯ ಮಾಡುತ್ತೇವೆ. ಅದು ಒಳ್ಳೆಯದೇ. ಆದರೆ ಆ ಹುಡುಗ ಬಾಯಿ ಬಿಟ್ಟಿದ್ದು ಚಪ್ಪಾಳೆಗಲ್ಲ. ನಾಟಕ ತನ್ನದೂ ಹೌದು ಅಂತ ಅವನಿಗೆ ಅನ್ನಿಸಿತ್ತು. ಬೆಂಗಳೂರಿನ ನಾಟಕಮಂದಿರ ರಂಗಶಂಕರ ಎದ್ದಿದ್ದೂ ಹೀಗೇ ಅಲ್ವಾ? ಅದರ ಕನಸು ಕಂಡಿದ್ದ ಶಂಕರ್‌ನಾಗ್ ಹೋಗಿದ್ದು 1990ರಲ್ಲಿ, ಅದರ ಬಾಗಿಲು ತೆರೆದಿದ್ದು 2004ರಲ್ಲಿ. ಅವರ ಹೆಂಡತಿ ಅರುಂಧತಿ ನಾಗ್ ಜೊತೆ ಎಷ್ಟೋ ಜನ ಅದು ತಮ್ಮ ಕನಸೂ ಹೌದು ಅಂತ ನಿಂತರು.

ಈಗ ಅಸಲಿ ವಿಷಯ. ಅವನು ಹಾಗೆ ಕೇಳಿದಾಗ ನನಗೆ ಖುಷಿಗಿಂತ ಮೊದಲು ಹೊಟ್ಟೆಕಿಚ್ಚಾಯ್ತು ಕಣೋ. ಆಫೀಸಿನಲ್ಲಿ ನನ್ನನ್ನು ಯಾರೂ ಏನೂ ಕೇಳಲ್ಲ. ಕಂಪ್ಯೂಟರಿನಲ್ಲಿ ಟಿಕೆಟ್ ಅಂತ ಒಂದೊಂದೇ ಕೆಲಸ ಬರುತ್ತದೆ, ಮುಗಿಸುತ್ತೇನೆ. ಅದು ಯಾರಿಗೆ, ಯಾತಕ್ಕೆ ಅಂತ ಗೊತ್ತಾಗಲ್ಲ. ವರ್ಷದ ಕೊನೆಗೆ ಥ್ಯಾಂಕ್ಸ್ ಸ್ಲೈಡಿನಲ್ಲಿ ಹೆಸರು ಇರುತ್ತದೆ. ಅದನ್ನು ನೋಡಿದಾಗಲೆಲ್ಲ ಹೊಟ್ಟೆಯೊಳಗೆ ಏನೋ ಖಾಲಿಯಾದ ಹಾಗೆ. ರಾಜೀನಾಮೆ ಬರೆದು ಡ್ರಾಫ್ಟಿನಲ್ಲಿ ಇಟ್ಟಿದ್ದೇನೆ. ಮನೆಯಲ್ಲಿ ಹೇಳಿಲ್ಲ.

ಇಷ್ಟೆಲ್ಲ ಬರೆಯೋಕೆ ಕೂತಿರಲಿಲ್ಲ. ಬಿಡು. ಅಕ್ಕ ಇದನ್ನು ಓದಿದರೆ ಮೊದಲು ನಿನಗೇ ಫೋನ್ ಮಾಡುತ್ತಾಳೆ. ಏನೂ ಗೊತ್ತಿಲ್ಲ ಅನ್ನು.

ಮುಂದಿನ ಶೋ ರಂಗಶಂಕರದಲ್ಲಿ, ಬಾ. ಮೂರನೇ ಬೆಲ್ ಆದ ಮೇಲೆ ಯಾರನ್ನೂ ಒಳಗೆ ಬಿಡಲ್ಲ, ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡೆ ಅನ್ನೋ ನಿನ್ನ ಕಥೆ ಅಲ್ಲಿ ನಡೆಯಲ್ಲ. ಮಧ್ಯಾಹ್ನವೇ ಬಂದರೆ ಇನ್ನೂ ಒಳ್ಳೆಯದು, ಟೆಂಪೋದಿಂದ ಸೆಟ್ ಇಳಿಸೋಕೆ ಜನ ಸಾಲದು. ಕಾಫಿ ನನ್ನದು.

ನಿನ್ನವನೇ