ವಯಸ್ಸಿನ ಕಲೆಗಳಿಗೆ ಕ್ರೀಮಿನ ಆತುರ ಬೇಡ

ಮಾನ್ಯ ಸಂಪಾದಕರೇ,

ಐವತ್ತು ದಾಟಿದವರ ಮುಂಗೈ, ಕೆನ್ನೆ, ಹೆಗಲುಗಳ ಮೇಲೆ ಕಾಣಿಸಿಕೊಳ್ಳುವ ಚಪ್ಪಟೆಯಾದ ಕಂದು ಮಚ್ಚೆಗಳನ್ನು ಯಕೃತ್ತಿನ ಕಾಯಿಲೆಯ ಲಕ್ಷಣವೆಂದು ನಂಬಿ ಕಳವಳಪಡುವವರು ಈಗಲೂ ಇದ್ದಾರೆ. ವಾಸ್ತವವಾಗಿ ಅವು, ವರ್ಷಾನುಗಟ್ಟಲೆ ಬಿಸಿಲಿನ ನೇರಳಾತೀತ ಕಿರಣಗಳಿಗೆ ಒಡ್ಡಿಕೊಂಡ ಚರ್ಮದಲ್ಲಿ ಮೆಲನಿನ್ ಎಂಬ ವರ್ಣದ್ರವ್ಯ ಅಲ್ಲಲ್ಲಿ ಹೆಚ್ಚಾಗಿ ಶೇಖರಗೊಂಡದ್ದರ ಫಲ. ಸದಾ ಬಟ್ಟೆಯ ಮರೆಯಲ್ಲಿರುವ ಭಾಗಗಳಲ್ಲಿ ಅವು ಅಪರೂಪವೆಂಬುದೇ ಇದಕ್ಕೆ ಸಾಕ್ಷಿ. ಮೇಣದ ತುಣುಕನ್ನು ಅಂಟಿಸಿದಂತೆ ತುಸು ಉಬ್ಬಿ, ಮುಟ್ಟಿದರೆ ಒರಟೆನಿಸುವ ಕಂದು ಗುಳ್ಳೆಗಳೂ, ಎದೆ, ಹೊಟ್ಟೆಗಳ ಮೇಲೆ ಏಳುವ ಸಣ್ಣ ಕೆಂಪು ಚುಕ್ಕೆಗಳೂ ಸಾಮಾನ್ಯವಾಗಿ ನಿರುಪದ್ರವಿಯೇ.

ಆದರೆ ಇವನ್ನು ಅಳಿಸಲೇಬೇಕೆಂಬ ಹಟದಿಂದ, ವೈದ್ಯರನ್ನು ಕೇಳದೆ, ಸ್ಟೀರಾಯ್ಡ್ ಬೆರೆತ ಕ್ರೀಮುಗಳನ್ನು ತಿಂಗಳುಗಟ್ಟಲೆ ಹಚ್ಚಿಕೊಂಡರೆ ಚರ್ಮ ತೆಳುವಾಗಿ ರಕ್ತನಾಳಗಳು ಎದ್ದು ಕಾಣತೊಡಗುತ್ತವೆ. (ಜಾಹೀರಾತುಗಳು ಇದನ್ನು ಹೇಳುವುದಿಲ್ಲ, ಬಿಡಿ.) ಎಸ್‌ಪಿಎಫ್ (ಬಿಸಿಲಿನಿಂದ ರಕ್ಷಿಸುವ ಸಾಮರ್ಥ್ಯದ ಅಳತೆ) 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನ್ ಮತ್ತು ತುಂಬುತೋಳಿನ ಅಂಗಿ ಹೊಸ ಕಲೆಗಳನ್ನು ತಗ್ಗಿಸಬಲ್ಲವು. ಅಂಚು ಏರುಪೇರಾದ, ಒಂದರಲ್ಲೇ ಹಲವು ಬಣ್ಣಗಳಿರುವ, 6 ಮಿಲಿಮೀಟರ್ ಮೀರಿ ಬೆಳೆಯುತ್ತಿರುವ ಅಥವಾ ರಕ್ತ ಒಸರುವ ಮಚ್ಚೆಯನ್ನು ಮಾತ್ರ ವಯಸ್ಸಿನ ಗುರುತೆಂದು ತಳ್ಳಿಹಾಕದೆ ಚರ್ಮರೋಗ ತಜ್ಞರಿಗೆ ತಡಮಾಡದೆ ತೋರಿಸಬೇಕು. ನಿರುಪದ್ರವಿ ಹಾಗೂ ಅನುಮಾನಾಸ್ಪದ, ಎರಡೂ ಬಗೆಯ ಮಚ್ಚೆಗಳ ಚಿತ್ರಗಳನ್ನು ತಮ್ಮ ಆರೋಗ್ಯ ಪುಟದಲ್ಲಿ ಅಕ್ಕಪಕ್ಕ ಪ್ರಕಟಿಸಿದರೆ ಹಿರಿಯ ಓದುಗರಿಗೆ ಉಪಕಾರವಾಗುತ್ತದೆ.

– ಒಬ್ಬ ಓದುಗ